ಪಿಕಪ್ಪಿನ ಮುಂಚಕ್ರಕ್ಕೂ ಎಳೆತ: ಗ್ಯಾರೇಜಿನಲ್ಲಿ ಆದೀತು, ರಸ್ತೆಯಲ್ಲಿ?

ಮಳೆ ಹಿಡಿಯಿತೆಂದರೆ ಕಾರ್ಕಳ ಕಡೆಯ ಗುಡ್ಡದ ದಾರಿಗಳಲ್ಲಿ ಒಂದೇ ಸದ್ದು. ಎಂಜಿನ್ ಗರ್ಜಿಸುತ್ತದೆ, ಹಿಂದಿನ ಚಕ್ರ ಗಿರ್ರನೆ ತಿರುಗುತ್ತದೆ, ಕೆಂಪು ಕೆಸರು ಹಾರಿ ಹಿಂದಿನಿಂದ ನೂಕುವವರ ಮುಖಕ್ಕೆ ಬಡಿಯುತ್ತದೆ. ಗಾಡಿ ಮಾತ್ರ ಇದ್ದಲ್ಲೇ! ಕಾಪುವಿನ ಕಡಲ ಬದಿಗೆ ಇಳಿದರೆ ಕೆಸರಿನ ಬದಲು ಹೊಯ್ಗೆ. ಅಲ್ಲಿಯೂ ಅದೇ ಪಾಡು. ಮೀನು ಹೇರಿದ ಪಿಕಪ್ಪು ಹಿಂದಿನ ಎಕ್ಸಲ್ ತನಕ ಹೂತು ಕುಳಿತಿರುತ್ತದೆ, ಮಂಜುಗಡ್ಡೆ ಕರಗುತ್ತಿರುತ್ತದೆ, ಮೀನಿನ ರೇಟು ನಿಮಿಷಕ್ಕೊಂದರಂತೆ ಇಳಿಯುತ್ತಿರುತ್ತದೆ.

ಇಂಥ ಹೊತ್ತಿನಲ್ಲೇ ಆ ಯೋಚನೆ ಹುಟ್ಟುವುದು. 'ಮುಂದಿನ ಎರಡು ಚಕ್ರಕ್ಕೂ ಎಳೆತ ಇದ್ದಿದ್ದರೆ?' ಮರುದಿನ ಗಾಡಿಯ ಧನಿ ಗ್ಯಾರೇಜಿನಲ್ಲಿ ಹಾಜರು.

'ಮೇಸ್ತ್ರಿಗಳೇ, ಇದನ್ನು ಫೋರ್‌ವೀಲ್ ಮಾಡ್ಲಿಕ್ಕೆ ಆಗ್ತದಾ?'

'ಆಗದೆ ಎಂತ ಧನಿ? ಹಳೇ ಜೀಪಿನ ಮುಂದಿನ ಹೌಸಿಂಗ್ ಒಂದು ಸಿಕ್ಕಿದ್ರೆ ಸಾಕು. ಮಾಡುವ.'

ಮೇಸ್ತ್ರಿಗಳ ಮಾತು ಸುಳ್ಳಲ್ಲ. ನಮ್ಮ ಕಡೆಯ ಗ್ಯಾರೇಜುಗಳ ಕೈಚಳಕಕ್ಕೆ ಅಸಾಧ್ಯ ಎಂಬುದಿಲ್ಲ. ಆದರೆ ಮಾಡಲಿಕ್ಕೆ ಆಗುವುದು ಬೇರೆ, ಮಾಡಿದ ಮೇಲೆ ಅದನ್ನು ರಸ್ತೆಗೆ ಇಳಿಸುವುದು ಬೇರೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಪೇಟೆಯ ವ್ಯಾಪಾರಿ, ಗಾಡಿಯ ಧನಿ, ದಿನಾ ಬಸ್ಸಿನಲ್ಲಿ ಹೋಗಿ ಬರುವವರು ಎಲ್ಲರೂ ತಿಳಿದುಕೊಳ್ಳುವುದು ಒಳ್ಳೆಯದು.

ಆಸೆ ತಪ್ಪಲ್ಲ

ಮೊದಲಿಗೆ ಒಂದು ಮಾತು. ಈ ಆಸೆಯನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ದೊಡ್ಡ ಟಯರು ಹಾಕಿ, ಮೂತಿಗೆ ನಾಲ್ಕು ಲೈಟು ಕಟ್ಟಿ, ಮಣಿಪಾಲದ ಟಾರು ರಸ್ತೆಯಲ್ಲಿ ಸಂಜೆ ಹೊತ್ತು ಜೀಪು ಮೆರೆಸುವವರ ವಿಷಯ ಬೇರೆ. ಮಾಳ, ಈದು, ನೂರಾಳ್‌ಬೆಟ್ಟು ಕಡೆಯ ಕೃಷಿಕನದು ಹೊಟ್ಟೆಪಾಡು. ಅಡಿಕೆ, ರಬ್ಬರು, ತೆಂಗು, ಹಾಲು, ಗೊಬ್ಬರದ ಚೀಲ, ಎಲ್ಲವೂ ಗುಡ್ಡ ಹತ್ತಬೇಕು, ಇಳಿಯಬೇಕು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ. ಘಟ್ಟದ ತಲೆಯ ಮೇಲಿನ ಆಗುಂಬೆಯಲ್ಲಿ 7000ಕ್ಕೂ ಮೇಲೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ತೋಟದ ದಾರಿ ದಾರಿಯಲ್ಲ, ತೋಡು.

ಭಾರ ಗುಡ್ಡ ಹತ್ತಿಸುವುದು ಕಾರ್ಕಳದವರಿಗೆ ಹೊಸತೇನೂ ಅಲ್ಲ. 1432ರಲ್ಲಿ ಪ್ರತಿಷ್ಠೆಯಾದ ಗೊಮ್ಮಟನನ್ನೇ ಬಂಡಿಯ ಮೇಲೇರಿಸಿ ಬೆಟ್ಟಕ್ಕೆ ಎಳೆದರೆಂದು ಊರಿನ ಹೇಳಿಕೆ. ಆದರೆ ಅಂದು ಎಳೆಯಲು ಸಾವಿರ ಕೈಗಳಿದ್ದವು. ಇಂದು ಪಿಕಪ್ಪು ನೂಕಲು ಇಬ್ಬರು ಸಿಕ್ಕರೆ ಪುಣ್ಯ.

ಕಾಪು ತಾಲೂಕಿನ ಕರಾವಳಿಯದು ಇನ್ನೊಂದು ಕತೆ. ಕೈರಂಪಣಿಯವರು ಎಳೆದು ಹಾಕಿದ ಮೀನು ದಡದಿಂದ ಟಾರು ರಸ್ತೆ ಮುಟ್ಟಬೇಕು. ಮಟ್ಟುವಿನ ಗುಳ್ಳ ಉಡುಪಿ ಮಾರ್ಕೆಟ್ಟು ಸೇರಬೇಕು. ಹೊಯ್ಗೆಯ ನೆಲದಲ್ಲಿ ಹಿಂಚಕ್ರ ಮಾತ್ರ ಎಳೆಯುವ ಗಾಡಿಯ ಕಷ್ಟ ಗಾಡಿ ಬಿಡುವವನಿಗೇ ಗೊತ್ತು.

ಒಳಗಿನ ಕೆಲಸ ಎಂಥದು?

ಸಾಮಾನ್ಯ ಪಿಕಪ್ಪಿನ ಲೆಕ್ಕ ಸರಳ. ಎಂಜಿನ್, ಕ್ಲಚ್ಚು, ಗೇರ್‌ಬಾಕ್ಸು, ಅಲ್ಲಿಂದ ಉದ್ದಕ್ಕೆ ಒಂದು ಪ್ರೊಪೆಲ್ಲರ್ ಶಾಫ್ಟು, ಹಿಂದೆ ಡಿಫರೆನ್ಷಿಯಲ್ಲು, ಎರಡು ಚಕ್ರ. ಮುಂದಿನ ಚಕ್ರಗಳಿಗೆ ತಿರುಗುವ, ಭಾರ ಹೊರುವ, ಬ್ರೇಕಿನ ಕೆಲಸ ಮಾತ್ರ. ಎಳೆಯುವ ಕೆಲಸ ಇಲ್ಲ.

ಅದನ್ನು ಫೋರ್‌ವೀಲ್ ಮಾಡಬೇಕೆಂದರೆ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಕೂರಬೇಕು. ಅದರಿಂದ ಮುಂದಕ್ಕೆ ಬೇರೊಂದು ಶಾಫ್ಟು. ಮುಂದಿನ ಎಕ್ಸಲ್ಲೇ ಬದಲು, ಅದರೊಳಗೆ ಇನ್ನೊಂದು ಡಿಫರೆನ್ಷಿಯಲ್ಲು. ಚಕ್ರ ಎಡಕ್ಕೆ ಬಲಕ್ಕೆ ಹೊರಳುತ್ತಲೇ ಎಳೆಯಬೇಕಾದ್ದರಿಂದ ಎರಡೂ ತುದಿಗೆ ಬೇರೆ ತರದ ಜಾಯಿಂಟು. ಪೆಟ್ಟಿಗೆ ಹಿಂದೆ ಕೂತದ್ದರಿಂದ ಹಿಂದಿನ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಬೇಕು, ಮಾಡಿ ಬ್ಯಾಲೆನ್ಸ್ ನೋಡಬೇಕು. ಇಲ್ಲವಾದರೆ ಐವತ್ತರ ಸ್ಪೀಡಿನಲ್ಲೇ ಗಾಡಿ ಗಡಗಡ.

ಮುಂದೆ ಡಿಫರೆನ್ಷಿಯಲ್ಲಿನ ಉಂಡೆ ಬಂದಾಗ ಎಂಜಿನ್ನಿನ ಕೆಳಗಿನ ಎಣ್ಣೆ ಸಂಪಿಗೆ ತಾಗುತ್ತದೆ. ತಾಗದಂತೆ ಗಾಡಿಯನ್ನು ಎತ್ತರಿಸಬೇಕು. ಎತ್ತರಿಸಿದರೆ ಸ್ಟೇರಿಂಗಿನ ರಾಡುಗಳ ಕೋನ ತಪ್ಪುತ್ತದೆ, ಬ್ರೇಕಿನ ಪೈಪು ಗಿಡ್ಡವಾಗುತ್ತದೆ, ತಿರುವಿನಲ್ಲಿ ಗಾಡಿ ಮಗುಚುವ ಭಯ ಹೆಚ್ಚುತ್ತದೆ. ಹೊಸ ಗಾಡಿಯಾದರೆ ಮುಂದಿನ ಹಬ್ಬಿನಲ್ಲಿ ಎಬಿಎಸ್‌ನ ಸೆನ್ಸರ್ ಉಂಟು. ಹಬ್ಬೇ ಬದಲಾದ ಮೇಲೆ ಸೆನ್ಸರಿನ ಗತಿ ಏನು?

ಎಲ್ಲಕ್ಕಿಂತ ಸೂಕ್ಷ್ಮದ ಲೆಕ್ಕ ಕ್ರೌನ್-ಪಿನಿಯನ್ನಿನದು. ಮುಂದಿನ ಡಿಫರೆನ್ಷಿಯಲ್ಲಿನ ಹಲ್ಲಿನ ಲೆಕ್ಕವೂ ಹಿಂದಿನದೂ ತಾಳೆಯಾಗಲೇಬೇಕು. ಮಹಾಯುದ್ಧ ಕಾಲದ ವಿಲ್ಲೀಸ್ ಜೀಪಿನದು 4.88. ಅನಂತರ ಬಂದ ಸಿಜೆ ಜೀಪಿನದು 5.38. ಈಗಿನ ಪಿಕಪ್ಪಿನ ಲೆಕ್ಕ ಬೇರೆಯೇ. ಗುಜರಿಯಲ್ಲಿ ಸಿಕ್ಕಿತೆಂದು ಹಳೇ ಹೌಸಿಂಗ್ ತಂದು ಕೂರಿಸಿದರೆ ಮುಂದಿನ ಚಕ್ರ ಒಂದು ಲೆಕ್ಕದಲ್ಲಿ, ಹಿಂದಿನದು ಇನ್ನೊಂದು ಲೆಕ್ಕದಲ್ಲಿ ಓಡಲು ಹೊರಡುತ್ತವೆ. ಒಂದೇ ನೊಗಕ್ಕೆ ಕೋಣವನ್ನೂ ಕುದುರೆಯನ್ನೂ ಕಟ್ಟಿದ ಹಾಗೆ. ಕೆಸರಿನಲ್ಲಿ ಚಕ್ರ ಜಾರಿ ಹೇಗೋ ಸುಧಾರಿಸುತ್ತದೆ. ಟಾರಿನಲ್ಲಿ ಜಾರಲು ಎಡೆ ಇಲ್ಲ. ಆಗ ಮುರಿಯುವುದು ಶಾಫ್ಟು, ಇಲ್ಲವೆ ಗೇರಿನ ಹಲ್ಲು.

ಕಂಪನಿಯೇ ಮಾಡಿದ ಇಂಥ ಜೀಪುಗಳಲ್ಲೂ ಒಣ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಸುತ್ತುತ್ತದೆ, ಹಿಂದಿನದು ಕಡಿಮೆ. ನಡುವೆ ಹೊಂದಿಸುವ ವ್ಯವಸ್ಥೆ ಇಲ್ಲದಿದ್ದರೆ ಶಾಫ್ಟು ಬಿಗಿಹಿಡಿಯುತ್ತದೆ, ಸ್ಟೇರಿಂಗು ಕಲ್ಲಾಗುತ್ತದೆ. ಘಟ್ಟದವರು ಇದನ್ನು ಬಲ್ಲರು. ಹೊಸಬರು ಬಲ್ಲರೇ?

ಹತ್ತುತ್ತದೆ, ಆದರೆ ನಿಲ್ಲುತ್ತದೆಯೇ?

ಫೋರ್‌ವೀಲ್ ಬಗ್ಗೆ ಪೇಟೆಯಲ್ಲಿ ಒಂದು ದೊಡ್ಡ ಭ್ರಮೆ ಉಂಟು. ನಾಲ್ಕು ಚಕ್ರ ಎಳೆದರೆ ಗಾಡಿ ಎಲ್ಲದಕ್ಕೂ ಗಟ್ಟಿ ಎಂದು. ಹಾಗಿಲ್ಲ. ನಾಲ್ಕು ಚಕ್ರದ ಎಳೆತ ಗಾಡಿಯನ್ನು ಮುಂದೆ ಒಯ್ಯುತ್ತದೆ, ಬ್ರೇಕಿಗೆ ಬಲ ಕೊಡುವುದಿಲ್ಲ. ಬ್ರೇಕು ಎಲ್ಲ ಗಾಡಿಗೂ ಮೊದಲೇ ನಾಲ್ಕು ಚಕ್ರಕ್ಕೆ ಇದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಹತ್ತಲು ಟಾರಿನ ಮೇಲೆ ಫೋರ್‌ವೀಲ್ ಬೇಕಾಗಿಲ್ಲ. ಇಳಿಯುವಾಗ ಬೇಕಾದದ್ದು ಒಳ್ಳೆಯ ಬ್ರೇಕು, ಕೆಳಗಿನ ಗೇರು, ಮಿತಿಯ ಲೋಡು, ಮತ್ತೆ ತಾಳ್ಮೆ.

ವ್ಯಾಪಾರಿಗಳು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಹೊಸ ಎಕ್ಸಲ್ಲು, ಪೆಟ್ಟಿಗೆ, ಶಾಫ್ಟು ಎಲ್ಲ ಕಬ್ಬಿಣವೇ. ಅದರ ತೂಕ ಗಾಡಿಯ ಮೈಮೇಲೆ ಏರುತ್ತದೆ. ಒಟ್ಟು ತೂಕದ ಮಿತಿ ಆರ್‌ಸಿಯಲ್ಲಿ ಬರೆದಷ್ಟೇ. ಅಂದರೆ ಕಬ್ಬಿಣ ಏರಿದಷ್ಟು ಮಾಲು ಇಳಿಯಬೇಕು. ಮಳೆಗಾಲದ ನಾಲ್ಕು ತಿಂಗಳ ಅನುಕೂಲಕ್ಕೆ ಹನ್ನೆರಡು ತಿಂಗಳೂ ಮಾಲು ಕಡಿಮೆ, ಡೀಸೆಲು ಜಾಸ್ತಿ. ಲಾಭ ಎಲ್ಲಿ ಹೋಯಿತು?

ಕಾನೂನು ಏನೆನ್ನುತ್ತದೆ?

ಇಷ್ಟೆಲ್ಲ ಆಗಿಯೂ ಗಾಡಿ ಚೆನ್ನಾಗಿಯೇ ಓಡಿತು ಎನ್ನಿ. ಮುಂದೆ ಕಾನೂನು ನಿಂತಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೇರವಾಗಿದೆ. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ತಾಳೆ ತಪ್ಪುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯಲ್ಲಿ ಶಿಕ್ಷೆಯೂ ಸೇರಿತು. ಕಾನೂನು ಒಪ್ಪದ ಪ್ರತಿಯೊಂದು ಮಾರ್ಪಾಟಿಗೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ತನಕ ಸಜೆ, ಅಥವಾ ಎರಡೂ.

'ಯಾರು ನೋಡ್ತಾರೆ ಮಾರಾಯ್ರೆ, ಗಾಡಿಯ ಅಡಿಗೆ ಬಗ್ಗಿ?' ಎಂಬುದು ಇದಕ್ಕೆ ಬರುವ ಮಾಮೂಲಿ ಉತ್ತರ. ನೋಡುವ ಹೊತ್ತು ಬರುತ್ತದೆ. ಪಿಕಪ್ಪು ಬಾಡಿಗೆಯ ಸರಕು ಗಾಡಿ. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಎಫ್‌ಸಿಗೆ ನಿಲ್ಲಿಸಲೇಬೇಕು. ಅಲ್ಲಿ ಸಿಕ್ಕಿಬಿದ್ದರೆ ಗಾಡಿ ಮನೆಯಂಗಳದ ಪ್ರದರ್ಶನದ ವಸ್ತು. ಮಾಡಿದ್ದನ್ನೆಲ್ಲ ಬಿಚ್ಚಿ ಮೊದಲಿನಂತೆ ಕೂರಿಸಲು ಮತ್ತೊಮ್ಮೆ ಅಷ್ಟೇ ಖರ್ಚು.

ಅದಕ್ಕಿಂತ ಕೆಟ್ಟದ್ದು ಅಪಘಾತದ ದಿನ. ಇನ್ಶೂರೆನ್ಸ್ ಪಾಲಿಸಿ ಬರೆದಿರುವುದು ಆರ್‌ಸಿಯಲ್ಲಿರುವ ಗಾಡಿಗೆ. ತಿಳಿಸದೆ ಬದಲಾಯಿಸಿದ ಗಾಡಿಯ ನಷ್ಟಕ್ಕೆ ಕಂಪನಿ ತಕರಾರು ತೆಗೆದರೆ ಧನಿಯ ಬಾಯಿ ಕಟ್ಟಿಹೋಗುತ್ತದೆ. ಇನ್ನೊಬ್ಬರ ಪ್ರಾಣಕ್ಕೆ ಕುತ್ತಾದರೆ ಕೋರ್ಟಿನಲ್ಲಿ ಮೊದಲು ಏಳುವ ಪ್ರಶ್ನೆ, 'ಈ ಎಕ್ಸಲ್ ಕೂರಿಸಿದ್ದು ಯಾರು?' ಎಂದು. ಆಗ ಧನಿ ಮೇಸ್ತ್ರಿಯ ಕಡೆ ನೋಡುತ್ತಾನೆ, ಮೇಸ್ತ್ರಿ ಆಕಾಶದ ಕಡೆ. ಕೆಲಸ ಮಾಡಿದ್ದಕ್ಕೆ ಬಿಲ್ಲೂ ಇಲ್ಲ, ಗ್ಯಾರಂಟಿಯೂ ಇಲ್ಲ.

ಬಸ್ಸಿನಲ್ಲಿ ಕೂತವರಿಗೆ ಇದರಿಂದೇನು?

ಉಡುಪಿಯಿಂದ ಕಾರ್ಕಳಕ್ಕೆ, ಕಾಪುವಿನಿಂದ ಉಡುಪಿಗೆ ದಿನಾ ಸರ್ವಿಸ್ ಬಸ್ಸಿನಲ್ಲಿ ಹೋಗುವವರು 'ಪಿಕಪ್ಪಿನವರ ಉಸಾಬರಿ ನಮಗ್ಯಾಕೆ?' ಎನ್ನಬಹುದು. ಆದರೆ ತೋಟದ ಕೆಸರಿಗೆಂದು ತಯಾರಾದ ಗಾಡಿ ತೋಟದಲ್ಲೇ ಉಳಿಯುವುದಿಲ್ಲ. ಮಾಲು ಹೇರಿ ಅದೇ ರಾಷ್ಟ್ರೀಯ ಹೆದ್ದಾರಿ 66ಕ್ಕೆ, ಅದೇ ಮಣಿಪಾಲದ ಇಳಿಜಾರಿಗೆ ಬರುತ್ತದೆ. ಗ್ಯಾಸ್ ವೆಲ್ಡಿಂಗಿನಲ್ಲಿ ಕೂಡಿಸಿದ ಬ್ರಾಕೆಟ್ಟು ಮುರಿದು ಶಾಫ್ಟು ಕಳಚಿ ಬಿದ್ದರೆ ಎದುರಿಗೆ ಬರುವುದು ಶಾಲೆ ಮಕ್ಕಳಿರುವ ಬಸ್ಸೂ ಆಗಬಹುದು, ಸ್ಕೂಟರಿನ ಹಿಂದೆ ಕೂತ ತಾಯಿಯೂ ಆಗಬಹುದು. ಗಾಡಿ ಒಬ್ಬರದು, ರಸ್ತೆ ಎಲ್ಲರದು. ಕಾನೂನು ಬಿಗಿಯಾಗಿರುವುದು ಇದಕ್ಕಾಗಿಯೇ.

ಹೊರಗೆ ಓಡಾಡದೆ, ಸ್ವಂತ ಎಸ್ಟೇಟಿನ ಬೇಲಿಯೊಳಗೇ ಗೊಬ್ಬರ ಸಾಗಿಸುವ ಹಳೇ ಜೀಪಿನ ಪ್ರಶ್ನೆ ಬೇರೆ. ಆದರೆ ಬೇಲಿ ದಾಟಿ ಪಂಚಾಯತು ರಸ್ತೆಗೆ ಒಂದು ಚಕ್ರ ಇಟ್ಟರೂ ಅದು ಸಾರ್ವಜನಿಕ ಸ್ಥಳ. ಹತ್ತು ಮಾರು ಅಡ್ಡ ದಾಟಿದ್ದು ಎಂಬ ನೆಪ ನಡೆಯದು.

ಬೇರೆ ದೇಶದಲ್ಲಿ ಆದದ್ದು

ಹಾಗೆಂದು ಮಾರ್ಪಾಟು ಎಂಬುದೇ ಪಾಪವೇ? ಅಲ್ಲ. ಅಮೆರಿಕದಲ್ಲಿ ಮಾರ್ಮನ್-ಹೆರಿಂಗ್ಟನ್ ಎಂಬ ಕಂಪನಿ 1930ರ ದಶಕದಲ್ಲೇ ಫೋರ್ಡ್ ಟ್ರಕ್ಕುಗಳನ್ನು ಎಲ್ಲ ಚಕ್ರ ಎಳೆಯುವಂತೆ ಬದಲಾಯಿಸಿ ಮಾರುತ್ತಿತ್ತು. 1950ರ ದಶಕದಲ್ಲಿ ಮಿನಿಯಾಪೊಲಿಸ್ಸಿನ ನ್ಯಾಪ್ಕೋ ಕಂಪನಿ ಷೆವರ್ಲೆ, ಜಿಎಂಸಿ ಪಿಕಪ್ಪುಗಳಿಗೆ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಎಕ್ಸಲ್ ತನಕ ಪೂರ್ತಿ ಸೆಟ್ಟನ್ನೇ ತಯಾರಿಸಿ ಮಾರಿತು. ಹಳ್ಳಿಯ ರೈತರು ಕೊಂಡರು. ಕೊನೆಗೆ 1957ರ ಹೊತ್ತಿಗೆ ಷೆವರ್ಲೆ ಅದೇ ಸೆಟ್ಟನ್ನು ಕಾರ್ಖಾನೆಯಲ್ಲೇ ಕೂರಿಸಿ ಗಾಡಿ ಮಾರತೊಡಗಿತು.

ಅಲ್ಲಿಗೂ ನಮ್ಮಲ್ಲಿಗೂ ಇರುವ ಅಂತರ ಇಷ್ಟೇ. ಅಲ್ಲಿ ಒಂದೇ ಮಾದರಿಯ ಗಾಡಿಗೆ ಅಳತೆ ಮಾಡಿ ತಯಾರಿಸಿದ ಸೆಟ್ಟು, ಅದಕ್ಕೆ ಹೊಣೆ ಹೊತ್ತ ಕಂಪನಿ. ಇಲ್ಲಿ ಗುಜರಿಯ ಹೌಸಿಂಗ್, ಅಂದಾಜಿನ ಅಳತೆ, ಹೊಣೆ ದೇವರಿಗೆ.

ನಮ್ಮ ಸರಕಾರವೂ ಎಲ್ಲ ಮಾರ್ಪಾಟಿಗೆ ಬಾಗಿಲು ಮುಚ್ಚಿಲ್ಲ. ಪೆಟ್ರೋಲ್ ಗಾಡಿಗೆ ಸಿಎನ್‌ಜಿ ಕಿಟ್ಟು ಹಾಕಿಸಬಹುದು. ಒಪ್ಪಿಗೆ ಪಡೆದ ಕಿಟ್ಟು, ಒಪ್ಪಿಗೆ ಪಡೆದ ಗ್ಯಾರೇಜು, ಆರ್‌ಸಿಯಲ್ಲಿ ದಾಖಲೆ. ಗಾಡಿಯನ್ನು ಬ್ಯಾಟರಿಗೆ ಬದಲಾಯಿಸಲೂ ನಿಯಮ ಬಂದಿದೆ. ಅಂಗವಿಕಲರ ಅನುಕೂಲಕ್ಕೆ ಗಾಡಿ ಬದಲಾಯಿಸಲು ಅವಕಾಶ ಉಂಟು. ಮಾರ್ಪಾಟಿಗೆ ನಿಯಮ ರೂಪಿಸುವ ಅಧಿಕಾರವನ್ನು 2019ರ ತಿದ್ದುಪಡಿಯೇ ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಹಾಗಾದರೆ ಮಲೆನಾಡು, ಕರಾವಳಿಯ ಕೃಷಿಕನಿಗೆ ಬೇಕಾದ ಫೋರ್‌ವೀಲ್ ಕಿಟ್ಟಿಗೂ ಪರೀಕ್ಷೆ, ಮೊಹರು, ದಾಖಲೆಯ ದಾರಿ ಏಕೆ ಆಗಬಾರದು? ಇದನ್ನು ಕೇಳಬೇಕಾದವರು ನಮ್ಮ ಸಂಸದರು, ಶಾಸಕರು. ಕೇಳಿಸಬೇಕಾದವರು ಮತ ಹಾಕುವವರು.

ಮಣಿಪಾಲದಲ್ಲಿ 1957ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ಕಾರ್ಕಳದ ಮಗ್ಗುಲಲ್ಲೇ ನಿಟ್ಟೆಯಲ್ಲಿ 1986ರಿಂದ ಇನ್ನೊಂದು ಇದೆ. ಅಲ್ಲಿ ಕಲಿಯುವ ಹುಡುಗರಿಗೆ ಲೆಕ್ಕ ಗೊತ್ತು, ನಮ್ಮ ಮೇಸ್ತ್ರಿಗಳಿಗೆ ಕೈಕೆಲಸ ಗೊತ್ತು. ಈ ಎರಡೂ ಒಂದು ಶೆಡ್ಡಿನಡಿ ಕೂಡಿದರೆ ಊರಿನ ಪಿಕಪ್ಪಿಗೆ ತಕ್ಕ ಸೆಟ್ಟಿನ ನಕ್ಷೆ ತಯಾರಾಗಲಾರದೇ? ಪರೀಕ್ಷೆಗೆ ಕಳುಹಿಸುವ ಮಾತು ಆಮೇಲೆ. ಮೊದಲು ಕೂಡಿ ಕೂರಬೇಕಲ್ಲ!

ಇವತ್ತಿಗೆ ಏನು ಮಾಡುವುದು?

ಅದೆಲ್ಲ ಆಗುವ ತನಕ ಅಡಿಕೆ ಕೊಳೆಯಲು ಬಿಡುವಂತಿಲ್ಲ, ಮೀನು ಹಳಸಲು ಬಿಡುವಂತಿಲ್ಲ. ಸುಲಭದ ದಾರಿಗಳು ಇವೆ.

ಹೊಸ ಗಾಡಿ ಕೊಳ್ಳುವವರು ಫೋರ್‌ವೀಲನ್ನು ಕಂಪನಿಯಿಂದಲೇ ಕೇಳಿ ಪಡೆಯಲಿ. ಮಹೀಂದ್ರಾದ ಬೊಲೆರೊ ಕ್ಯಾಂಪರ್, ಟಾಟಾದ ಯೋಧ, ಇಸುಝುವಿನ ವಿ-ಕ್ರಾಸ್‌ಗಳಲ್ಲಿ ಅಂಥ ಮಾದರಿ ಬಂದಿವೆ. ರೇಟು ಜಾಸ್ತಿ ನಿಜ. ಆದರೆ 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೆ ಗಾಡಿಗೆ ಲಕ್ಷದ ಲೆಕ್ಕದಲ್ಲಿ ಸುರಿಯುವ ಮೊದಲು ಅದನ್ನು ಮಾರಿ ಕಂಪನಿಯ ಫೋರ್‌ವೀಲ್ ತಂದರೆ ಎಷ್ಟು ಬೀಳುತ್ತದೆ ಎಂದು ಒಂದು ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು. ಹತ್ತು ಕೃಷಿಕರು ಸೇರಿ ಒಂದು ಗಾಡಿ ಇಟ್ಟುಕೊಂಡರೂ ಆದೀತು. ತೋಟದಿಂದ ಟಾರಿಗೆ ಅದು, ಟಾರಿನಿಂದ ಪೇಟೆಗೆ ಮಾಮೂಲಿ ಪಿಕಪ್ಪು.

ಇದ್ದ ಗಾಡಿಯಲ್ಲೇ ಸುಧಾರಿಸುವವರು ಮೊದಲು ಟಯರು ನೋಡಿಕೊಳ್ಳಲಿ. ಬೋಳು ಟಯರು ಹಾಕಿ ನಾಲ್ಕು ಚಕ್ರ ಎಳೆದರೂ ಜಾರುವುದೇ. ಖಾಲಿ ಪಿಕಪ್ಪಿನ ಹಿಂಬದಿ ಹಗುರ. ಅದಕ್ಕೇ ಹತ್ತುವಾಗ ಚಕ್ರ ಸುತ್ತುವುದು. ಹಿಂದೆ ನಾಲ್ಕು ಹೊಯ್ಗೆ ಚೀಲ ಇಟ್ಟು ಕಟ್ಟಿದರೆ ಹಿಡಿತ ಬರುತ್ತದೆ. ಹೊಯ್ಗೆಯಲ್ಲಿ ಇಳಿಯುವ ಮೊದಲು ಟಯರಿನ ಗಾಳಿ ಸ್ವಲ್ಪ ತಗ್ಗಿಸಿದರೆ ಟಯರು ಅಗಲವಾಗಿ ಕೂತು ಹೂಳುವುದು ಕಡಿಮೆ. ಟಾರಿಗೆ ಬಂದೊಡನೆ ಪುನಃ ಗಾಳಿ ತುಂಬಿಸಬೇಕು, ಮರೆಯಬಾರದು. ಎರಡು ಗಟ್ಟಿ ಹಲಗೆ, ಒಂದು ಹಾರೆ, ಒಂದು ಹಗ್ಗ ಗಾಡಿಯಲ್ಲಿದ್ದರೆ ಅರ್ಧ ತೊಂದರೆ ಪರಿಹಾರ. ಹೂತಾಗ ಆಕ್ಸಿಲೇಟರ್ ತುಳಿದಷ್ಟೂ ಚಕ್ರ ಆಳಕ್ಕೆ ಹೋಗುತ್ತದೆ ಎಂಬುದನ್ನು ಡ್ರೈವರಿಗೆ ಒಮ್ಮೆ ತಿಳಿಹೇಳಿದರೆ ಕ್ಲಚ್ಚು ಪ್ಲೇಟೂ ಉಳಿಯುತ್ತದೆ.

ಮತ್ತೆ, ಲೋಡು. ಹೂತ ಗಾಡಿಗಳಲ್ಲಿ ಎಷ್ಟಕ್ಕೆ ಮಿತಿಯ ಲೋಡು ಇತ್ತು ಎಂದು ಧನಿಗಳು ಎದೆ ಮುಟ್ಟಿ ಹೇಳಲಿ. ಒಂದು ಟ್ರಿಪ್ಪಿನದನ್ನು ಎರಡು ಮಾಡಿದರೆ ಹೋಗುವುದು ಒಂದು ತಾಸು. ಹೂತರೆ ಹೋಗುವುದು ಇಡೀ ದಿನ.

ಮೂಲದ ರೋಗ

ಕೊನೆಗೂ ಮಾತು ಬಂದು ನಿಲ್ಲುವುದು ರಸ್ತೆಗೆ. ಜನ ಗಾಡಿಯ ಹೊಟ್ಟೆ ಸೀಳಿ ಎಕ್ಸಲ್ ಕೂರಿಸಲು ಹೊರಡುವುದು ಹುಚ್ಚಿನಿಂದಲ್ಲ, ದಾರಿ ಸರಿ ಇಲ್ಲದ್ದರಿಂದ. ಗುಡ್ಡದ ದಾರಿ ಪೂರ್ತಿ ಕಾಂಕ್ರೀಟು ಆಗಬೇಕೆಂದು ಯಾರೂ ಹಟ ಹಿಡಿದಿಲ್ಲ. ಗಾಡಿ ಸಿಕ್ಕಿಬೀಳುವ ಜಾಗ ಪ್ರತಿ ದಾರಿಯಲ್ಲೂ ಎರಡೋ ಮೂರೋ. ಅದು ಯಾವುದೆಂದು ಊರಿನ ಮಕ್ಕಳಿಗೂ ಗೊತ್ತು. ಆ ಏರಿನಲ್ಲಿ ಮಾತ್ರ ಚಕ್ರದ ಸಾಲಿಗೆ ಎರಡು ಕಾಂಕ್ರೀಟು ಪಟ್ಟಿ, ಬದಿಗೆ ಒಂದು ಚರಂಡಿ, ತೋಡಿಗೊಂದು ಮೋರಿ. ಮಳೆ ನೀರು ದಾರಿಯ ಮೇಲೆ ಹರಿಯದೆ ಬದಿಗೆ ಹರಿದರೆ ಮಾಮೂಲಿ ಪಿಕಪ್ಪೇ ಹತ್ತುತ್ತದೆ. ಒಂದು ದಾರಿಗೆ ಹಾಕಿದ ಹಣ ಇಪ್ಪತ್ತು ಗಾಡಿಗೆ ಬರುತ್ತದೆ. ಒಂದು ಗಾಡಿಗೆ ಹಾಕಿದ ಹಣ ಒಬ್ಬನಿಗೆ, ಅದೂ ಮುಂದಿನ ಎಫ್‌ಸಿಯ ತನಕ.

ಇದು ದೊಡ್ಡ ಯೋಜನೆಯಲ್ಲ. ಬೇಸಗೆಯಲ್ಲಿ ಗ್ರಾಮಸಭೆ ಸೇರಿದಾಗ ಎದ್ದು ನಿಂತು ಜಾಗದ ಹೆಸರು ಹೇಳಿ ಬರೆಸಬೇಕಾದ ಕೆಲಸ. ಗ್ರಾಮಸಭೆಗೆ ಹೋಗದವರು ಜುಲೈಯಲ್ಲಿ ಗ್ಯಾರೇಜಿಗೆ ಹೋಗುತ್ತಾರೆ. ಮೇಸ್ತ್ರಿ ಎಷ್ಟು ಜಾಣನಾದರೂ ಪಂಚಾಯತಿನ ಚರಂಡಿಯನ್ನು ಪಿಕಪ್ಪಿನ ಅಡಿಯಲ್ಲಿ ಕೂರಿಸಲಾರ.

ಮುಂದಿನ ಮಳೆಗಾಲಕ್ಕೆ ಮೊದಲು ಕಾಪು, ಕಾರ್ಕಳದ ಪಂಚಾಯತುಗಳು ಗಾಡಿ ಹೂಳುವ ಜಾಗಗಳ ಒಂದು ಪಟ್ಟಿಯನ್ನಾದರೂ ಮಾಡಲಿ. ಸಾರಿಗೆ ಇಲಾಖೆ ಗ್ಯಾರೇಜಿನವರನ್ನು ಒಂದು ದಿನ ಕರೆದು ಯಾವ ಮಾರ್ಪಾಟು ಆದೀತು, ಯಾವುದು ಆಗದು ಎಂದು ಕನ್ನಡದಲ್ಲಿ ಬಿಡಿಸಿ ಹೇಳಲಿ. ದಂಡ ಹಾಕುವ ಮೊದಲು ತಿಳಿಹೇಳುವುದು ಇಲಾಖೆಯ ಧರ್ಮವೂ ಹೌದು. ಅಷ್ಟರ ತನಕ ಗಾಡಿಯ ಧನಿಗಳು ಕಟ್ಟರು-ವೆಲ್ಡಿಂಗಿನ ಆಸೆಗೆ ಬೀಳದೆ, ಹಲಗೆ-ಹಾರೆಯನ್ನೇ ನಂಬುವುದು ಕ್ಷೇಮ.